ದಾರಿಯನ್ನು ಹೇಳದ ಅಭಿಪ್ರಾಯ

ಕಳೆದ ಶ್ರಾವಣದಲ್ಲಿ, ಎರಿ ಹೊಲಗಳಲ್ಲಿ ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ ಹಿಡಿದುಕೊಂಡಿದ್ದ ಒಂದು ಮುಂಜಾನೆ, ಬೆಟಗೇರಿಯ ಚಹದಂಗಡಿಯೊಂದರ ಮುಂದೆ ನಿಂತಿದ್ದ ಬಿಳಿಯ ಮೋಟಾರ್ ಸೈಕಲ್ಲಿನ ಸುತ್ತ ನೆರೆದ ಹತ್ತು ಹನ್ನೆರಡು ಮಂದಿಯ ಮಾತುಗಳನ್ನು, ಕೈಯೊಳಗಿನ ಚಹ ಆರಿಹೋದದ್ದರ ಪರಿವೆಯೂ ಇಲ್ಲದೆ, ನಾನು ಕೇಳುತ್ತ ನಿಂತಿದ್ದೆ. ಬೆಂಗಳೂರಿನಿಂದ ಬಂದಿದ್ದ ಅದರ ಸವಾರರು ಒಳಗೆ ಮಿರ್ಚಿ ತಿನ್ನುತ್ತ ಕುಳಿತಿದ್ದರು. ಗಾಡಿ ಇಟಲಿಯದು, ಡುಕಾಟಿ ಕಂಪನಿಯ ಡೆಸರ್ಟ್‌ಎಕ್ಸ್ ಎಂಬ ಹೆಸರಿನದು. ವಿದ್ಯುತ್ ಮಗ್ಗದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹುಡುಗನೊಬ್ಬ, “ಹೊಡದರ ಇಂಥಾದ್ದು ಹೊಡೀಬೇಕಲೇ, ಜನ್ಮ ಸಾರ್ಥಕ” ಎಂದ. ಅರಳೆ ವ್ಯಾಪಾರದ ಹಿರಿಯರೊಬ್ಬರು, “ಈ ರೊಕ್ಕದಾಗ ಎರಡು ಟ್ರ್ಯಾಕ್ಟರ್ ಬರ್ತಾವೋ ತಮ್ಮಾ” ಎಂದರು. ಗಾಡಿಗಳ ವಿಷಯವನ್ನು ಬಲ್ಲವನೆನಿಸಿದ ಇನ್ನೊಬ್ಬ, “ಬಾಳ ಎತ್ತರ, ಬಾಳ ಭಾರ, ಕೆಟ್ಟರ ಬೆಂಗಳೂರಿಗೇ ಒಯ್ಯಬೇಕು” ಎಂದು ತೀರ್ಪು ಕೊಟ್ಟ. ಒಬ್ಬನು ಮಾತ್ರ ಏನೂ ಹೇಳಲಿಲ್ಲ. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಅವನು. ಕೈಯೊರಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ತುದಿಗಾಲಲ್ಲಿ ಕುಳಿತು, ಗಾಡಿಯ ಹೊಟ್ಟೆಯ ಕೆಳಗೆ ಬಹಳ ಹೊತ್ತು ನೋಡುತ್ತಿದ್ದ.

ಒಂದೇ ವಸ್ತುವಿನ ಬಗ್ಗೆ ಬಲ್ಲವರು ಹೀಗೆ ಪರಸ್ಪರ ವಿರುದ್ಧವಾಗಿ ನುಡಿಯುವುದು ಬೆಟಗೇರಿಯ ಚಹದಂಗಡಿಗೆ ಸೀಮಿತವಾದ ವಿದ್ಯಮಾನವಲ್ಲ. ಈ ಯಂತ್ರ ಲೋಕದ ಕಣ್ಣಿಗೆ ಬಿದ್ದಂದಿನಿಂದಲೂ ಅದನ್ನು ಹೊಗಳುವವರು ಮಿತಿಯಿಲ್ಲದೆ ಹೊಗಳುತ್ತಲೂ, ತೆಗಳುವವರು ಅಷ್ಟೇ ಹಟದಿಂದ ತೆಗಳುತ್ತಲೂ ಬಂದಿದ್ದಾರೆ. ಇಂಥ ಸಂದರ್ಭದಲ್ಲಿ, ಲೋಕದಲ್ಲಿ ರುಚಿಗಳು ಭಿನ್ನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಮಾತು ವಿಚಾರದ ಆರಂಭಕ್ಕೂ ಮುನ್ನವೇ ಅದರ ಸಮಾಪ್ತಿಯನ್ನು ಸಾರುವುದರಿಂದ ನನಗೆ ಅದು ಒಪ್ಪಿತವಲ್ಲ. ಯಂತ್ರದ ವಿಷಯದಲ್ಲಿ ನಾವು ಕಾಣುವ ಭಿನ್ನಾಭಿಪ್ರಾಯ ಬಹುತೇಕ ರುಚಿಯ ಭೇದವಲ್ಲ, ನೆಲದ ಭೇದ. ಪ್ರತಿಯೊಬ್ಬನೂ ತಾನು ಮನಸ್ಸಿನಲ್ಲಿಟ್ಟುಕೊಂಡ ದಾರಿಯ ಮೇಲೆ ಗಾಡಿಯನ್ನು ಓಡಿಸಿ ನೋಡಿ, ಆ ದಾರಿ ಯಾವುದೆಂಬುದನ್ನು ಹೇಳದೆ ಫಲಿತಾಂಶವನ್ನಷ್ಟೇ ಘೋಷಿಸುತ್ತಾನೆ ಎಂಬುದು ನನ್ನ ವಾದ.

ಮೊದಲು ಯಂತ್ರದ ಕುಲಗೋತ್ರಗಳನ್ನು ನೋಡೋಣ. ಡುಕಾಟಿ ಮನೆತನದವರು 1926ರಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಉದ್ಯಮವನ್ನು ಆರಂಭಿಸಿದ್ದು ಮೋಟಾರ್ ಸೈಕಲ್ಲಿಗಾಗಿ ಅಲ್ಲ, ರೇಡಿಯೋದ ಬಿಡಿಭಾಗಗಳಿಗಾಗಿ. ಎರಡನೆಯ ಮಹಾಯುದ್ಧ ಮುಗಿದು ದೇಶವೆಲ್ಲ ಬಡತನದಲ್ಲಿ ಬೆಂದಿದ್ದಾಗ, 1946ರಲ್ಲಿ, ಸಾಮಾನ್ಯ ಸೈಕಲ್ಲಿಗೆ ಜೋಡಿಸಬಹುದಾದ ಪುಟ್ಟದೊಂದು ಎಂಜಿನ್ನನ್ನು ಅವರು ತಯಾರಿಸತೊಡಗಿದರು. ‘ಕುಚ್ಚೊಲೊ’, ಅಂದರೆ ನಾಯಿಮರಿ, ಎಂಬುದು ಅದರ ಹೆಸರು. ಬಡವನ ಸೈಕಲ್ಲಿಗೆ ಕಟ್ಟಿದ ಆ ನಾಯಿಮರಿಯ ವಂಶದಲ್ಲಿ ಹುಟ್ಟಿದ ಡೆಸರ್ಟ್‌ಎಕ್ಸ್ 937 ಸಿಸಿಯ, ಎರಡು ಸಿಲಿಂಡರಿನ, 110 ಅಶ್ವಶಕ್ತಿಯ ಗಾಡಿ. ತೂಕ 223 ಕಿಲೋ. ಆಸನದ ಎತ್ತರ 875 ಮಿಲಿಮೀಟರು. ಮುಂದಿನ ಗಾಲಿ 21 ಇಂಚು, ಹಿಂದಿನದು 18 ಇಂಚು. ಟಾಕಿಯಲ್ಲಿ 21 ಲೀಟರು ಪೆಟ್ರೋಲು ಹಿಡಿಸುತ್ತದೆ. 2022ರ ಡಿಸೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಷೋರೂಮಿನ ಬೆಲೆಯೇ 17 ಲಕ್ಷ 91 ಸಾವಿರ ರೂಪಾಯಿ ಇದ್ದಿತು. ಅವಳಿ ಗುಂಡುದೀಪಗಳ ಅದರ ಮುಖವನ್ನು ನೋಡಿದವರಿಗೆ, ಡುಕಾಟಿಯ ಎಂಜಿನ್ನನ್ನೇ ಒಡಲಲ್ಲಿಟ್ಟುಕೊಂಡು, ಎದಿ ಒರಿಯೊಲಿಯ ಸವಾರಿಯಲ್ಲಿ ಮರುಭೂಮಿಯನ್ನು ಹಾಯುವ ಪ್ಯಾರಿಸ್-ಡಕಾರ್ ಪಂದ್ಯವನ್ನು 1990 ಮತ್ತು 1994ರಲ್ಲಿ ಗೆದ್ದ ಕಜೀವಾ ಎಲೆಫೆಂಟ್ ಎಂಬ ಹಳೆಯ ಗಾಡಿಯ ನೆನಪಾಗದೆ ಇರದು.

ಮರುಭೂಮಿಯೆಂಬುದು ಈ ಗಾಡಿಯ ಹೆಸರಿನಲ್ಲಿ ಬಂದು ಕುಳಿತಿರುವುದು ಆ ನೆನಪಿನ ದಾರಿಯಿಂದ. ಆದರೆ ನೆನಪೇ ಪ್ರಮಾಣವಲ್ಲ. ಡಕಾರ್ ಪಂದ್ಯದ ನಿಯಮಗಳು ಬದಲಾಗಿ, 2011ರಿಂದೀಚೆಗೆ ಅಲ್ಲಿ ಓಡುವ ಬೈಕುಗಳು 450 ಸಿಸಿಯನ್ನು ಮೀರುವಂತಿಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರಲ್ಲಿ ಆ ಪಂದ್ಯದಲ್ಲಿ ಭಾಗವಹಿಸಿದ ಮೊದಲ ಭಾರತೀಯರಾಗಿ 36ನೆಯ ಸ್ಥಾನದಲ್ಲಿ ಗುರಿ ಮುಟ್ಟಿದ್ದೂ, ಉಡುಪಿಯ ಕೆ.ಪಿ. ಅರವಿಂದ್ ಅವರು 2019ರಲ್ಲಿ ಪೆರು ದೇಶದ ಮರಳುದಿಬ್ಬಗಳನ್ನು ದಾಟಿ 37ನೆಯವರಾಗಿ ಮುಗಿಸಿದ್ದೂ ಇಂಥ ಹಗುರವಾದ, ಒಂದೇ ಸಿಲಿಂಡರಿನ ಬೈಕುಗಳ ಮೇಲೆ. ಆದಕಾರಣ, ‘ಇದು ಮರುಭೂಮಿಯ ಗಾಡಿ’ ಎಂದು ಹೊಗಳುವವನೂ, ‘ಇದರಿಂದ ಮರುಭೂಮಿ ದಾಟಲಾಗದು’ ಎಂದು ಹಳಿಯುವವನೂ, ಇಬ್ಬರೂ ತಾವು ಕಾಣದ ನೆಲದ ಮೇಲೆ ನಿಂತು ಜಗಳವಾಡುತ್ತಿದ್ದಾರೆ ಎನ್ನಬೇಕಾಗುತ್ತದೆ. ಕಾಣದ ನೆಲವನ್ನು ಬಿಟ್ಟು, ಕಂಡ ನೆಲಕ್ಕೆ ಬರೋಣ.

ನಮ್ಮ ಸೀಮೆಯ ಒಂದು ಅನುಕೂಲವೆಂದರೆ, ಗದಗ-ಬೆಟಗೇರಿಯಲ್ಲಿ ನಿಂತವನಿಗೆ ಒಂದು ಮುಂಜಾನೆಯ ಸವಾರಿಯಲ್ಲೇ ಮೂರು ಬಗೆಯ ನೆಲ ದೊರೆಯುತ್ತದೆ: ಎರಿ, ಮಸಾರಿ ಮತ್ತು ಡಾಂಬರು. ಯಾವ ಯಂತ್ರವನ್ನಾಗಲಿ ಒರೆಗೆ ಹಚ್ಚಲು ಈ ಮೂರು ಸಾಕು.

ಎರಿಯ ಸ್ವಭಾವವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕುಬಿಟ್ಟು ಕಲ್ಲಿನಂತೆ ನಿಲ್ಲುವ ಈ ಕಪ್ಪು ಮಣ್ಣು, ಎರಡು ಹದ ಮಳೆ ಬಿದ್ದೊಡನೆ ಜಾರುವುದನ್ನೂ ಅಂಟುವುದನ್ನೂ ಏಕಕಾಲದಲ್ಲಿ ಮಾಡಬಲ್ಲ ವಿಚಿತ್ರ ಪದಾರ್ಥವಾಗಿ ಮಾರ್ಪಡುತ್ತದೆ. ನಡೆಯುವವನ ಚಪ್ಪಲಿಗೆ ಹತ್ತಿ ಪ್ರತಿ ಹೆಜ್ಜೆಗೂ ಒಂದೊಂದು ಪದರವನ್ನು ಸೇರಿಸುತ್ತ ಹೋಗುವಂತೆ, ಗಾಡಿಯ ಗಾಲಿಗೂ ಸುತ್ತಿಕೊಂಡು, ಟಾಯರಿಗೂ ಮಡ್‌ಗಾರ್ಡಿಗೂ ನಡುವಣ ಸಂದಿನಲ್ಲಿ ಮೆತ್ತಿ ಮೆತ್ತಿ, ಕೊನೆಗೆ ಗಾಲಿ ತಿರುಗದಂತೆ ಬಿಗಿದುಬಿಡುತ್ತದೆ. ಆಗ ಮುಂಡರಗಿಯ ಕಡೆಯ ರೈತ ಏನು ಮಾಡುತ್ತಾನೆ? ತನ್ನ ನೂರು ಸಿಸಿಯ ಗಾಡಿಯಿಂದ ಇಳಿದು, ಬೇಲಿಯ ಕಡ್ಡಿಯೊಂದನ್ನು ಮುರಿದುಕೊಂಡು ರಾಡಿಯನ್ನು ಕೆತ್ತಿ, ಗಾಡಿಯನ್ನು ಪಕ್ಕಕ್ಕೆ ವಾಲಿಸಿ ನೂಕಿಕೊಂಡು ಹೋಗುತ್ತಾನೆ. ಆ ಗಾಡಿಯ ತೂಕ 112 ಕಿಲೋ. ನೂಕುವುದು ಒಬ್ಬಾಳಿನ ಕೆಲಸ. 223 ಕಿಲೋದ ಗಾಡಿ ಅದೇ ರಾಡಿಯಲ್ಲಿ ಹೂತರೆ, ನಮ್ಮ ಸಾಮಾನ್ಯ ಎತ್ತರದ ಸವಾರನ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರದ ಆ ಆಸನದಿಂದ ಅದನ್ನು ನಿಭಾಯಿಸುವುದು ಇಬ್ಬರು ಆಳಿಗೂ ತ್ರಾಸದ ಕೆಲಸವೇ ಸರಿ. ಡೆಸರ್ಟ್‌ಎಕ್ಸಿನಲ್ಲಿ ಸವಾರಿಯ ಆರು ವಿಧಾನಗಳಿವೆ. ನಗರಕ್ಕೊಂದು, ದೂರ ಪ್ರಯಾಣಕ್ಕೊಂದು, ಒದ್ದೆ ರಸ್ತೆಗೊಂದು, ಕಚ್ಚಾ ದಾರಿಗೊಂದು ಎಂದು ಗುಂಡಿಯೊತ್ತಿ ಆರಿಸಿಕೊಳ್ಳಬಹುದು. ಹಸಿ ಎರಿಗೆ ಅವುಗಳಲ್ಲಿ ಯಾವುದೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಈ ನೆಲದ ಮೇಲೆ, ‘ಬಾಳ ಎತ್ತರ, ಬಾಳ ಭಾರ’ ಎಂಬ ಟೀಕೆ ಅಕ್ಷರಶಃ ನಿಜ.

ಆದರೆ ಅದೇ ಟೀಕೆಯನ್ನು ಹೊತ್ತುಕೊಂಡು ಶಿರಹಟ್ಟಿಯ ಕಡೆಯ ಮಸಾರಿಗೆ ಬಂದರೆ ಅದು ಸುಳ್ಳಾಗುತ್ತದೆ. ಕಪ್ಪತಗುಡ್ಡದ ತಪ್ಪಲಿನ ಕೆಂಪು ನೆಲ, ಗರಸು, ಗುಂಡುಕಲ್ಲು, ಮಳೆಯ ನೀರು ಕೊರೆದ ಕೊರಕಲುಗಳ ಹಳ್ಳಿದಾರಿಯಲ್ಲಿ, ಯಾವ ಎತ್ತರವು ಎರಿಯಲ್ಲಿ ದೋಷವಾಗಿತ್ತೋ ಅದೇ ಎತ್ತರ ಗುಣವಾಗಿ ಪರಿಣಮಿಸುತ್ತದೆ. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ 250 ಮಿಲಿಮೀಟರು ಅಂತರವಿರುವುದರಿಂದ ಕಲ್ಲು ತಾಗದು; ಮುಂದಿನ ಸಸ್ಪೆನ್ಶನ್ 230 ಮಿಲಿಮೀಟರಿನಷ್ಟು ಕುಗ್ಗಬಲ್ಲುದಾದ್ದರಿಂದ, ಸಣ್ಣ ಗಾಡಿಯ ಸವಾರನ ಬೆನ್ನೆಲುಬಿಗೆ ಬಂದು ಬಡಿಯುವ ಹೊಡೆತ ಇಲ್ಲಿ ದಾರಿಯಲ್ಲೇ ಲಯವಾಗುತ್ತದೆ; ದೊಡ್ಡ ಗಾಲಿ ಗುಂಡಿಯೊಳಕ್ಕೆ ಬೀಳದೆ ಅದರ ಮೇಲೆ ಹಾಯುತ್ತದೆ. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ತರವಲ್ಲ. ಗಣಿಗಾರಿಕೆಯಿಂದ ಗುಡ್ಡವನ್ನು ಉಳಿಸಬೇಕೆಂದು ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಈ ಸೀಮೆಯ ಜನ ನಡೆಸಿದ ಹೋರಾಟದ ತರುವಾಯ, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಗಿದೆ. ಸಾಹಸದ ಹೆಸರಿನಲ್ಲಿ ಆ ಔಷಧಿವನದೊಳಕ್ಕೆ ಎಂಜಿನ್ ನುಗ್ಗಿಸುವ ಹಕ್ಕು ಯಾವ ದೇಶದ ಯಾವ ಗಾಡಿಗೂ ಇಲ್ಲ. ಗಾಡಿಯ ಸಾಮರ್ಥ್ಯ ಎಲ್ಲಿಯವರೆಗೆ ಹೋಗಬಲ್ಲುದೋ ಅಲ್ಲಿಯವರೆಗೆ ಸವಾರನ ಅಧಿಕಾರವೂ ಹೋಗುತ್ತದೆಂದು ಭ್ರಮಿಸುವುದು ಈ ವರ್ಗದ ಉತ್ಸಾಹಿಗಳಲ್ಲಿ ಕಂಡುಬರುವ ಮುಖ್ಯ ದೋಷ. ತಪ್ಪಲಿನ ಹಳ್ಳಿದಾರಿಗಳೇ ಅವರಿಗೆ ಸಾಕಾಗಬೇಕು.

ಮೂರನೆಯದು ಡಾಂಬರು. ಹುಬ್ಬಳ್ಳಿಯಿಂದ ಗದಗಿನ ಮಗ್ಗುಲಲ್ಲಿ ಹಾಯ್ದು ಕೊಪ್ಪಳ, ಹೊಸಪೇಟೆಗಳತ್ತ ಸಾಗುವ ಹೆದ್ದಾರಿಯ ಮೇಲೆ ಈ ಗಾಡಿಯ ಬಗ್ಗೆ ಹೆಚ್ಚು ಚರ್ಚೆಯ ಅವಶ್ಯಕತೆಯಿಲ್ಲ. ಅಲ್ಲಿ ಅದು ಸುಖವಾಗಿ ಓಡುತ್ತದೆ. ಅಲ್ಲಿ ಸುಖವಾಗಿ ಓಡುವ, ಇದರ ಆರರಲ್ಲೊಂದು ಪಾಲಿನ ಬೆಲೆಯ ಗಾಡಿಗಳೂ ಉಂಟು ಎಂಬುದಷ್ಟೇ ವಿಮರ್ಶಕನು ಸೇರಿಸಬೇಕಾದ ಮಾತು.

ನೆಲದ ಮಾತಾಯಿತು. ಇನ್ನು ಯಂತ್ರದ ಅಂತರಂಗಕ್ಕೆ ಬಂದರೆ, ಅಲ್ಲಿಯೂ ಒಂದು ದೀರ್ಘಕಾಲದ ವಿವಾದವಿದೆ. ಸಾಮಾನ್ಯವಾದ ಎಂಜಿನ್ನಿನಲ್ಲಿ ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ವೇಗ ಮಿತಿಮೀರಿದಾಗ ಹಿಂದಿನ ಕಾಲದ ಸ್ಪ್ರಿಂಗು ಸಮಯಕ್ಕೆ ಸರಿಯಾಗಿ ಬಾಗಿಲನ್ನು ಮುಚ್ಚಲಾರದೆ ಹೋಗುತ್ತಿತ್ತು. ಡುಕಾಟಿಯ ಎಂಜಿನಿಯರಾದ ಫಾಬಿಯೊ ತಲ್ಯೋನಿ 1956ರಲ್ಲಿ ತನ್ನ ಪಂದ್ಯದ ಬೈಕಿಗೆ ಅಳವಡಿಸಿದ ‘ಡೆಸ್ಮೊ’ ವ್ಯವಸ್ಥೆಯಲ್ಲಿ, ತೆರೆಯುವುದಕ್ಕೆ ಒಂದು ಕೈ, ಮುಚ್ಚುವುದಕ್ಕೆ ಇನ್ನೊಂದು ಕೈ. ಸ್ಪ್ರಿಂಗಿನ ದಾಕ್ಷಿಣ್ಯವೇ ಇಲ್ಲ. ಬೆಟಗೇರಿಯವರಿಗೆ ಇದನ್ನು ತಿಳಿಸಲು ಯಂತ್ರಶಾಸ್ತ್ರ ಬೇಕಾಗಿಲ್ಲ. ಕೈಮಗ್ಗದ ಮುಂದೆ ಕುಳಿತ ನೇಕಾರ ಕಾಲಕೆಳಗಿನ ಹಲಗೆಯೊಂದನ್ನು ತುಳಿದಾಗ ಹಾಸಿನ ಅರ್ಧ ಎಳೆಗಳು ಕೆಳಗಿಳಿಯುತ್ತವೆ, ಉಳಿದರ್ಧ ಮೇಲೇಳುತ್ತವೆ, ನಡುವೆ ಲಾಳಿ ಹಾಯುತ್ತದೆ. ಇನ್ನೊಂದನ್ನು ತುಳಿದಾಗ ಮೇಲಿನವು ಕೆಳಗೆ, ಕೆಳಗಿನವು ಮೇಲೆ. ಏರಿಸುವುದೂ ಇಳಿಸುವುದೂ ನೇಕಾರನ ಕಾಲೇ; ತಾನಾಗಿ ಹಿಂದಕ್ಕೆ ಬರಲೆಂದು ಯಾವುದನ್ನೂ ಬಿಟ್ಟುಕೊಟ್ಟಿಲ್ಲ. ಡೆಸ್ಮೊದ ತತ್ತ್ವವೂ ಇಷ್ಟೆ.

ಈ ಏರ್ಪಾಟನ್ನು ಡುಕಾಟಿಯ ಆತ್ಮವೆಂದು ಪೂಜಿಸುವ ಭಕ್ತರಿದ್ದಾರೆ. ಇಂದಿನ ಸ್ಪ್ರಿಂಗುಗಳು ಹಿಂದಿನಂತೆ ದುರ್ಬಲವಲ್ಲವಾದ್ದರಿಂದ ಇದು ಅನಾವಶ್ಯಕವಾದ ತೊಡಕೆನ್ನುವ ಸಂಶಯಿಗಳೂ ಇದ್ದಾರೆ. ವಿನೋದವೆಂದರೆ, ಕಂಪನಿಯೇ ಈ ವಾದದಲ್ಲಿ ಎರಡೂ ಪಕ್ಷಗಳನ್ನು ವಹಿಸಿದೆ. 2020ರಲ್ಲಿ ಹೊರಬಂದ ಮಲ್ಟಿಸ್ಟ್ರಾಡಾ ವಿ4 ಎಂಬ ಪ್ರವಾಸದ ಗಾಡಿಯ ಎಂಜಿನ್ನಿನಲ್ಲಿ ಡೆಸ್ಮೊವನ್ನು ಕೈಬಿಟ್ಟು ಸ್ಪ್ರಿಂಗುಗಳನ್ನೇ ಬಳಸಿ, ವಾಲ್ವುಗಳನ್ನು 60,000 ಕಿಲೋಮೀಟರಿಗೊಮ್ಮೆ ತಪಾಸಿಸಿದರೆ ಸಾಕೆಂದಿತು. ಅದರ ಬೆನ್ನಿಗೇ ಬಂದ ಡೆಸರ್ಟ್‌ಎಕ್ಸಿನಲ್ಲಿ ಡೆಸ್ಮೊವನ್ನು ಉಳಿಸಿಕೊಂಡು, 30,000 ಕಿಲೋಮೀಟರಿಗೊಮ್ಮೆ ತಪಾಸಣೆ ಬೇಕೆಂದಿತು. ಇದನ್ನು ದ್ವಂದ್ವನೀತಿಯೆನ್ನುವವರುಂಟು. ನಾನಾದರೋ ಇದರಲ್ಲಿ ನನ್ನ ವಾದಕ್ಕೆ ತಯಾರಕನದೇ ಸಾಕ್ಷ್ಯವನ್ನು ಕಾಣುತ್ತೇನೆ: ದಾರಿ ಬೇರೆಯಾದಾಗ ಆತ್ಮವೆಂದುಕೊಂಡದ್ದನ್ನೂ ಬದಲಿಸಬಹುದೆಂದು ಅವನೇ ಒಪ್ಪಿಕೊಂಡಿದ್ದಾನೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರು ಮಾತ್ರ ಓಡಿಸುವ ಹವ್ಯಾಸಿಗೆ 30,000ವೆಂಬುದು ಐದಾರು ವರ್ಷಗಳ ಮಾತು. ಅವನ ಭಯ ಸಂಗತಿಗಿಂತ ದೊಡ್ಡದು. ದೇಶವನ್ನೇ ಸುತ್ತುವವನಿಗೆ ಅದು ಒಂದೆರಡು ವರ್ಷದ ಮಾತು. ಅವನ ಚಿಂತೆ ನ್ಯಾಯವಾದುದು.

ಈಗ ಆ ಚಹದಂಗಡಿಯಲ್ಲಿ ಬಿದ್ದ ಅತ್ಯಂತ ತೂಕದ ಆಕ್ಷೇಪಣೆಗೆ ಬರೋಣ: ಕೆಟ್ಟರೆ ಯಾರು ಬಿಚ್ಚುವವರು? ಇಲ್ಲಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರು. ವಸ್ತುವಿನ ಒಡೆತನವೆಂದರೆ ಕೊಂಡ ರಸೀದಿಯಲ್ಲ. ಅದು ಕೆಟ್ಟಾಗ ಅದನ್ನು ಬಿಚ್ಚಿ ಕೂಡಿಸಬಲ್ಲ ಕೈ ಎಷ್ಟು ದೂರದಲ್ಲಿದೆಯೆಂಬುದರ ಮೇಲೆ ಒಡೆತನದ ಪ್ರಮಾಣ ನಿಂತಿದೆ. ಮಗ್ಗದ ಹಗ್ಗ ಹರಿದರೆ ನೇಕಾರ ಬೇರೆ ಊರಿಗೆ ಓಡುವುದಿಲ್ಲ. ಆದ್ದರಿಂದ ಮಗ್ಗ ಪೂರ್ತಿಯಾಗಿ ಅವನದು.

ಬಿಚ್ಚುವ ಕೈ ಹತ್ತಿರವಿಲ್ಲದ ಈ ಕೊರತೆಯನ್ನು ಕೆಲವರು ಪರದೇಶದ ಗಾಡಿಯೆಂಬ ಕಾರಣಕ್ಕೆ ತಳುಕು ಹಾಕುತ್ತಾರೆ, ಅದು ತಪ್ಪು. ನೇಕಾರಿಕೆಯಲ್ಲಿ ಅಂಚು ಸೆರಗುಗಳ ಚಿತ್ತಾರ ಎಬ್ಬಿಸುವ ಜಕಾರ್ಡ್ 1804ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದವನೊಬ್ಬ ಕಂಡುಹಿಡಿದ ಸಾಧನ; ಅದನ್ನು ಪರದೇಶದ್ದೆಂದು ಇಂದು ಯಾವ ನೇಕಾರನೂ ಹೇಳಲಾರ. ಜಾವಾ ಮೋಟಾರ್ ಸೈಕಲ್ಲೂ ಚೆಕ್ ದೇಶದಿಂದ ಬಂದದ್ದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿ, ಮುಂದೆ ಯೆಜ್ಡಿ ಎಂಬ ಹೆಸರು ಹೊತ್ತು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಅದು ನಮ್ಮ ನಾಡಿನ ಬೀದಿಗಳಲ್ಲಿ ಬೆಳೆದುಬಿಟ್ಟಿತು. ಒದ್ದು ಶುರುಮಾಡಿದ ಕಿಕ್ಕನ್ನೇ ಮುಂದಕ್ಕೆ ಮಗುಚಿದರೆ ಅದೇ ಗೇರಿನ ಹಿಡಿಯಾಗುತ್ತಿದ್ದ ಆ ಚಮತ್ಕಾರ, ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕ, ಇವು ತಾಲೂಕು ತಾಲೂಕಿನ ಗ್ಯಾರೇಜಿನ ಹುಡುಗರಿಗೂ ಕರತಲಾಮಲಕವಾಗಿದ್ದವು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಅವು ಓಡಿದ್ದು ಆ ಕೈಗಳಿಂದಲೇ. ಚೆಕ್ ಯಂತ್ರವನ್ನು ಕನ್ನಡದ್ದನ್ನಾಗಿ ಮಾಡಿದ್ದು ಕಾರ್ಖಾನೆಗಿಂತ ಹೆಚ್ಚಾಗಿ ಗ್ಯಾರೇಜು. ಇಟಲಿಯ ಗಾಡಿಯ ಕೊರತೆ ಅದು ಇಟಲಿಯದೆಂಬುದಲ್ಲ; ಅದು ಇನ್ನೂ ನಮ್ಮ ಗ್ಯಾರೇಜಿಗೆ ಇಳಿದಿಲ್ಲವೆಂಬುದು, ಮತ್ತು ಲ್ಯಾಪ್‌ಟಾಪು ಜೋಡಿಸಿ ರೋಗನಿದಾನ ಮಾಡಬೇಕಾದ ಅದರ ಸ್ವಭಾವದಿಂದಾಗಿ ಬೇಗನೆ ಇಳಿಯುವಂತೆಯೂ ಇಲ್ಲವೆಂಬುದು.

ಹಾಗಾದರೆ ಟ್ರ್ಯಾಕ್ಟರಿನ ಲೆಕ್ಕ ಹೇಳಿದ ಹಿರಿಯರ ಮಾತೇ ಕೊನೆಯದೇ? ಇಟಲಿಯವರೇ ಒಂದು ರೀತಿಯಲ್ಲಿ ಅವರ ಪಕ್ಷ ವಹಿಸಿದ್ದಾರೆನ್ನಬಹುದು. ಆ ದೇಶದಲ್ಲಿ 2020 ಮತ್ತು 2021ರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಮೋಟಾರ್ ಸೈಕಲ್ಲು ಬೆನೆಲ್ಲಿ ಟಿಆರ್‌ಕೆ 502; 500 ಸಿಸಿಯ, ಸಾವಧಾನ ಸ್ವಭಾವದ, ಕಡಿಮೆ ಬೆಲೆಯ ಪ್ರವಾಸಿ ಗಾಡಿ. 1911ರಲ್ಲಿ ಪೆಸಾರೊದಲ್ಲಿ ಹುಟ್ಟಿದ ಆ ಹೆಸರು 2005ರಿಂದ ಚೀನದ ಕಂಪನಿಯೊಂದರ ಸ್ವತ್ತು. ತಮ್ಮ ದೇಶದ ಅತ್ಯುತ್ಕೃಷ್ಟ ಶಿಲ್ಪವನ್ನು ಜಗತ್ತಿಗೆ ತೋರಿಸಿ, ತಾವು ಮಾತ್ರ ಕೈಗೆಟುಕುವುದನ್ನು ಕೊಂಡರು. ಆದರೂ ಹಿರಿಯರ ಲೆಕ್ಕವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಉಪಯೋಗವೊಂದೇ ಅಳತೆಯಾಗಿದ್ದರೆ ಬೆಟಗೇರಿಯ ಮಗ್ಗಗಳಲ್ಲಿ ಸೀರೆಗೆ ಸೆರಗೇ ಇರುತ್ತಿರಲಿಲ್ಲ. ಮೈ ಮುಚ್ಚಲು ಒಡಲು ಸಾಕು. ಸೆರಗನ್ನು ಒಪ್ಪಿಕೊಂಡ ಊರು ಡೆಸ್ಮೊವನ್ನು ಹುಚ್ಚೆಂದು ತಳ್ಳಿಹಾಕಬಾರದು. ಆದರೆ ಸೆರಗಿನ ಬೆಲೆಯನ್ನು ಒಡಲಿನ ಬೆಲೆಯೆಂದು ಹೇಳಿ ಮಾರುವುದನ್ನೂ ಒಪ್ಪಬಾರದು.

ಇಷ್ಟು ಹೇಳಿದ ಮೇಲೆ, ಎಲ್ಲವೂ ಸಾಪೇಕ್ಷವಾದರೆ ವಿಮರ್ಶೆಗೆ ಅರ್ಥವೇನು ಎಂದು ಓದುಗರು ಕೇಳಬಹುದು. ದಾರಿಯನ್ನು ಹೇಳಿದೊಡನೆ ಅಭಿಪ್ರಾಯ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ ಎಂಬುದೇ ನನ್ನ ಉತ್ತರ. ಒಣಗಿದ ಮಸಾರಿಯ ದಾರಿಗೆ, ಎತ್ತರದ ಅನುಭವಿ ಸವಾರನಿಗೆ, ಮನೆಯಲ್ಲಿ ದಿನದ ಕೆಲಸಕ್ಕೆ ಬೇರೊಂದು ಗಾಡಿಯಿರುವವನಿಗೆ ಡೆಸರ್ಟ್‌ಎಕ್ಸ್ ಉತ್ತಮವಾದ ಯಂತ್ರ. ಹಸಿ ಎರಿಗೆ ನಿರುಪಯೋಗಿ. ಹೆದ್ದಾರಿಯೊಂದಕ್ಕೇ ಆದರೆ ದುಂದು. ಗದಗಿನಲ್ಲಿದ್ದುಕೊಂಡು ಒಂದೇ ಗಾಡಿಯನ್ನು ನೆಚ್ಚಿ ಬಾಳುವವನಿಗೆ ಅವಿವೇಕ. ಈ ನಾಲ್ಕು ವಾಕ್ಯಗಳಲ್ಲಿ ಯಾವುದೂ ರುಚಿಯ ಮಾತಲ್ಲ. ಯಾರು ಬೇಕಾದರೂ ಆಯಾ ನೆಲಕ್ಕೆ ಹೋಗಿ ಪರೀಕ್ಷಿಸಬಹುದು. ನಮ್ಮ ಸೀಮೆಗೆ ಇದು ಹೊಸ ನ್ಯಾಯವೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸಬೇಕಾಗಿ ಬಂದಾಗ, ಒಳ್ಳೆಯದು ಕೆಟ್ಟದ್ದು ಎಂಬ ವಿಶೇಷಣಗಳಲ್ಲಿ ನಿಲ್ಲದೆ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ಊರುಗಳನ್ನೇ ಹೆಸರಿಸಿತು. ಆ ಪುಲಿಗೆರೆಯೇ ಇಲ್ಲಿಯ ಲಕ್ಷ್ಮೇಶ್ವರ. ನುಡಿಯ ಸೊಗಸಿಗೇ ನೆಲದ ಎಲ್ಲೆಯನ್ನು ಹೇಳಿದ ನಾಡಿನಲ್ಲಿ, ಗಾಲಿಯ ಗುಣವನ್ನು ನೆಲವನ್ನು ಬಿಟ್ಟು ಹೇಳುವುದು ಶೋಭಿಸದು.

ಅಂದು ಆ ಗುಂಪಿನಲ್ಲಿ ಈ ನ್ಯಾಯವನ್ನು ಅರಿತು ನಡೆದವನು ಮೇಸ್ತ್ರಿಯೊಬ್ಬನೇ. ಸವಾರರು ಹೊರಗೆ ಬಂದು ಹೆಲ್ಮೆಟ್ಟು ಕೈಗೆತ್ತಿಕೊಂಡಾಗ ಅವನು ಎದ್ದುನಿಂತು, “ಯಾವ ದಾರಿಲೆ ಹೊಂಟೀರಿ ಸಾಹೇಬ್ರ?” ಎಂದು ಕೇಳಿದ.

“ಮುಂಡರಗಿ ಕಡೆ. ಮ್ಯಾಪಲ್ಲಿ ಹೊಲದ ನಡುವೆ ಒಂದು ದಾರಿ ತೋರಿಸ್ತಿದೆ, ಅದರಲ್ಲೇ ಹೋಗೋಣ ಅಂತ.”

“ಅದು ಎರಿ ದಾರಿ ಐತ್ರಿ. ರಾತ್ರಿಯೆಲ್ಲಾ ಮಳಿ ಹೊಡದೈತಿ. ಇವತ್ತು ಡಾಂಬರ್ ಹಿಡೀರಿ. ಎಂಟು ದಿನ ಬಿಸಿಲು ಬಿದ್ದ ಮ್ಯಾಲೆ ಬರ್ರಿ, ಅದ ದಾರಿಲೆ ಹೋಗ್ರಿ. ಗಾಡಿ ಚಲೋ ಐತಿ.”

ಸವಾರರು ಫೋನಿನ ಪರದೆಯ ಮೇಲಿನ ಹನಿಗಳನ್ನು ಒರಸಿ ಇನ್ನೊಮ್ಮೆ ನೋಡಿದರು. ಆಮೇಲೆ ಗಾಡಿಯನ್ನು ಡಾಂಬರಿನ ಕಡೆಗೆ ತಿರುಗಿಸಿದರು.